ಹದಿನೈದು ನಿಮಿಷದ ಸರಾಸರಿ

ನಮ್ಮ ಮೀಟರ್ ಮಾವ ಬಿಸಿನೀರನ್ನು ಯಾವತ್ತೂ ಬಿಸಿ ಎಂದವನಲ್ಲ. ಬಕೆಟ್ಟಿಗೆ ಬೆರಳದ್ದಿ ನೋಡುವುದು ಅವನ ಪಾಲಿಗೆ ನಾಚಿಕೆಗೇಡು. ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಇರುತ್ತಿದ್ದ ಉದ್ದನೆಯ ಥರ್ಮಾಮೀಟರನ್ನು ನೀರಿಗೆ ಇಳಿಬಿಟ್ಟು, "ನಲವತ್ತೊಂದು. ಇನ್ನೆರಡು ಬೇಕು" ಎನ್ನುತ್ತಿದ್ದ. ಅಮ್ಮ ಅಡುಗೆಮನೆಯಿಂದಲೇ, "ಅಣ್ಣಾ, ಸ್ನಾನ ಮಾಡೋಕೆ ಬಂದಿದ್ದೀಯೋ, ಪರೀಕ್ಷೆ ಬರೆಯೋಕೆ ಬಂದಿದ್ದೀಯೋ?" ಎಂದು ಕೂಗುತ್ತಿದ್ದಳು. ಅವನು ಅಮ್ಮನ ಒಬ್ಬನೇ ಅಣ್ಣ. ಮದುವೆಯಾಗಲಿಲ್ಲ. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದ. ವಾರದ ರಜೆಯ ದಿನ ಸ್ನಾನಕ್ಕೂ ಊಟಕ್ಕೂ ನಮ್ಮಲ್ಲಿಗೆ ಬರುತ್ತಿದ್ದ. ನಗುತ್ತಲೇ ಬರೆಯಲು ಶುರುಮಾಡಿದ್ದೇನೆ, ಈ ನಗು ಎಷ್ಟು ಹೊತ್ತು ಉಳಿಯುತ್ತದೋ ನೋಡೋಣ.

ನನಗೆ ಏಳು ವರ್ಷವಿದ್ದಾಗ ಒಮ್ಮೆ ಜ್ವರ ಬಂತು. ಮಾವ ಮೂರು ಥರ್ಮಾಮೀಟರ್ ಹಿಡಿದುಕೊಂಡು ಬಂದ. ಒಂದು ನೂರಾ ಎರಡು ಎಂದಿತು, ಇನ್ನೊಂದು ನೂರಾ ಎರಡೂವರೆ, ಮೂರನೆಯದು ತೊಂಬತ್ತೊಂಬತ್ತು. ಅಪ್ಪ ಹಾಸಿಗೆಯ ಪಕ್ಕದಲ್ಲಿ ಕೂತಿದ್ದವನು, "ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿಬಿಡಿ ಭಾವ, ಜಗಳ ಮುಗೀತು" ಎಂದ.

ಮಾವ ಉರಿದುಬಿದ್ದ. "ಸುಳ್ಳು ಹೇಳೋದನ್ನ ನಿಜ ಹೇಳೋದರ ಜೊತೆ ಕೂಡಿಸಿ ಭಾಗಿಸಿದ್ರೆ ಸುಳ್ಳು ನಿಜ ಆಗಲ್ಲ ಭಾವ. ನಿಜಾನೂ ಕೆಡುತ್ತೆ, ಅಷ್ಟೇ. ಸುಳ್ಳ ಯಾರು ಅಂತ ಹುಡುಕಬೇಕು." ಹುಡುಕಿ, ಮೂರನೆಯದನ್ನು ಕಸದ ಬುಟ್ಟಿಗೆ ಎಸೆದ. ಅವರಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು, ಒಂದೇ ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದರು, ಒಂದೇ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ತುಳಿಯುವವನು ಅಪ್ಪ, ಹಿಂದೆ ಕೂತು ಇಷ್ಟು ವೇಗ ಬೇಡ ಎನ್ನುವವನು ಮಾವ.

ಅಪ್ಪನ ಕೆಲಸ ಬ್ಲೀಚಿಂಗ್ ಸೆಕ್ಷನ್ನಿನಲ್ಲಿ. ಅಲ್ಲಿ ಕೊಳಕು ಬಣ್ಣದ ಬಟ್ಟೆ ಮುಚ್ಚಳವಿದ್ದ ದೊಡ್ಡ ತೊಟ್ಟಿಗಿಳಿದು ಬೆಳ್ಳಗಾಗಿ ಮೇಲೇಳುತ್ತಿತ್ತು. ಇಪ್ಪತ್ತು ನಿಮಿಷಕ್ಕೊಮ್ಮೆ ಅಪ್ಪ ಮುಚ್ಚಳ ಎತ್ತಬೇಕು. ಎತ್ತಿದ ಕೂಡಲೇ ಒಳಗಿನ ಕ್ಲೋರಿನ್ ಗಾಳಿ ಮುಖಕ್ಕೆ ರಪ್ಪೆಂದು ಹೊಡೆಯುತ್ತಿತ್ತು. ಮುಕ್ಕಾಲು ನಿಮಿಷ, ಆಮೇಲೆ ಚದುರಿಹೋಗುತ್ತಿತ್ತು. ಆ ಸೆಕ್ಷನ್ನಿನ ಹತ್ತು ಜನರನ್ನು ಬೀದಿಯಲ್ಲಿ ಯಾರು ಬೇಕಾದರೂ ಗುರುತಿಸಬಹುದಿತ್ತು. ಎಲ್ಲರ ಕಣ್ಣೂ ಕೆಂಪು, ಎಲ್ಲರ ಅಂಗಿಯೂ ಬಿಳಿ.

ಮಾವನ ಕೆಲಸ ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನಲ್ಲಿ. ಗಿರಣಿಯ ಉಗಿ, ನೀರು, ಬಿಸಿ, ಒತ್ತಡ ಎಲ್ಲಕ್ಕೂ ಅಳತೆಯ ಡಬ್ಬಿಗಳಿದ್ದವು. ಅವು ಸುಳ್ಳು ಹೇಳದಂತೆ ನೋಡಿಕೊಳ್ಳುವವನು ಅವನು. ನನಗೆ ಹದಿನಾಲ್ಕಾದ ವರ್ಷ ಗಿರಣಿಗೆ ಕಂಪ್ಯೂಟರು ಬಂತು, ಅದರ ಹಿಂದೆಯೇ ಬ್ಲೀಚಿಂಗ್ ಸೆಕ್ಷನ್ನಿನ ಗೋಡೆಗೆ ಗ್ಯಾಸಿನ ಸೆನ್ಸರು ಬಂತು. ಹೊಸ ಕಾಯಿದೆಯಂತೆ. ಮಾವನ ಸಂಭ್ರಮ ಹೇಳತೀರದು. ನಾನು ಅವನ ಕೋಣೆಗೆ ಹೋದಾಗ ಮೇಜಿನ ಮೇಲಿದ್ದ ತಂತಿಯ ತುಂಡು, ಬೆಸುಗೆಯ ಕಡ್ಡಿ, ತಿಂದು ಬಿಟ್ಟ ಬ್ರೆಡ್ಡು ಎಲ್ಲವನ್ನೂ ಪಕ್ಕಕ್ಕೆ ಸರಿಸಿ, ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದ.

"ನೋಡು ಪುಟ್ಟಿ, ಇದು ಸೆನ್ಸರು. ಇದು ಮೂಗು. ಗ್ಯಾಸು ತಗುಲಿದರೆ ಚೂರೇ ಚೂರು ಕರೆಂಟು ಹುಟ್ಟುತ್ತೆ. ಜಾಸ್ತಿ ಗ್ಯಾಸು, ಜಾಸ್ತಿ ಕರೆಂಟು. ಅದು ತಂತಿಯಲ್ಲಿ ಹೋಗಿ ಈ ಡಬ್ಬಿಗೆ ಸೇರುತ್ತೆ. ಕರೆಂಟು ಅನ್ನೋದು ಇಳಿಜಾರು ಇದ್ದಹಾಗೆ, ಕಂಪ್ಯೂಟರಿಗೆ ಇಳಿಜಾರು ಹತ್ತೋಕೆ ಬರಲ್ಲ. ಅದಕ್ಕೆ ಈ ಡಬ್ಬಿ ಇಳಿಜಾರನ್ನ ಕಡಿದು ಮೆಟ್ಟಿಲು ಮಾಡಿಕೊಡುತ್ತೆ. ಎಷ್ಟನೇ ಮೆಟ್ಟಿಲು ಅನ್ನೋದೇ ಅಂಕಿ."

"ಕಂಪ್ಯೂಟರು ನೋಡ್ತಾನೇ ಇರುತ್ತಾ ಮಾವ?"

"ಎಲ್ಲಿಂದ! ಅದು ಕಣ್ಣು ಮುಚ್ಚಿಕೊಂಡೇ ಇರುತ್ತೆ. ಸೆಕೆಂಡಿಗೊಂದು ಸಲ ಬಾಗಿಲು ತಟ್ಟಿ 'ಎಷ್ಟು?' ಅಂತ ಕೇಳುತ್ತೆ, ಬರಕೊಳ್ಳುತ್ತೆ, ಮತ್ತೆ ಕಣ್ಣು ಮುಚ್ಚುತ್ತೆ. ಅದು ಎಷ್ಟು ಸಲ ಕೇಳಬೇಕು, ಕೇಳಿದ್ದನ್ನ ಏನು ಮಾಡಬೇಕು ಅಂತ ಹೇಳಿಕೊಡೋನು ಮನುಷ್ಯ." ಹಾಗೆ ಹೇಳಿ ಎದೆ ತಟ್ಟಿಕೊಂಡ. ಆ ಮನುಷ್ಯ ತಾನೇ ಎಂಬ ಹೆಮ್ಮೆ ಅವನಿಗೆ. ಆ ಕೈಯನ್ನು ನಾನು ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ.

ಸೆನ್ಸರು ಬಂದ ಮೊದಲ ದಿನದಿಂದಲೇ ಸೈರನ್ ಶುರುವಾಯಿತು. ಗ್ಯಾಸಿನ ಮಿತಿ ಒಂದು, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲು. ಅಪ್ಪ ಮುಚ್ಚಳ ಎತ್ತಿದರೆ ಅಂಕಿ ಹನ್ನೆರಡಕ್ಕೆ ಹಾರುತ್ತಿತ್ತು. ಸೈರನ್ ಕೂಗಿದರೆ ಎಲ್ಲರೂ ಹತ್ತು ನಿಮಿಷ ಅಂಗಳಕ್ಕೆ ಹೋಗಿ ನಿಲ್ಲಬೇಕು ಎಂದು ಕಾಯಿದೆ. ನಿಂತ ಹೊತ್ತನ್ನೆಲ್ಲ ಪಾಳಿ ಮುಗಿದ ಮೇಲೆ ದುಡಿದು ತುಂಬಿಕೊಡಬೇಕು ಎಂದು ಮ್ಯಾನೇಜರ್. ಮಾವ ಎರಡು ಹಾಳೆಯ ಅರ್ಜಿ ಬರೆದ. ತೊಟ್ಟಿಯ ಮೇಲೆ ಗಾಳಿ ಎಳೆದು ಹೊರಗೆ ಬಿಡುವ ದೊಡ್ಡ ಫ್ಯಾನ್ ಕೂರಿಸಿದರೆ ಸೈರನ್ನೂ ಕೂಗುವುದಿಲ್ಲ, ಜನರೂ ಕೆಮ್ಮುವುದಿಲ್ಲ ಎಂದು ಲೆಕ್ಕ ಸಮೇತ ತೋರಿಸಿದ. ಮ್ಯಾನೇಜರ್ ಅದನ್ನು ಓದಿ, "ಚೆನ್ನಾಗಿ ಬರೆದಿದ್ದೀಯ ಕಣಯ್ಯಾ, ಮುಂದಿನ ವರ್ಷ ನೋಡೋಣ" ಎಂದು ಡ್ರಾಯರಿನಲ್ಲಿಟ್ಟ.

ಅಪ್ಪನ ಎಂಟು ಗಂಟೆಯ ಪಾಳಿ ಹನ್ನೊಂದಾಯಿತು, ಹನ್ನೆರಡಾಯಿತು. ಸೆಕ್ಷನ್ನಿನ ಹತ್ತೂ ಜನ ಮ್ಯಾನೇಜರನ್ನು ಬಯ್ಯಲಿಲ್ಲ, ಸೈರನ್ನನ್ನು ಬೈದರು. ಮ್ಯಾನೇಜರ್ ಮೂರನೇ ಮಹಡಿಯಲ್ಲಿದ್ದ, ಸೈರನ್ ತಲೆಯ ಮೇಲೆಯೇ ಇತ್ತು.

ಒಂದು ರಜೆಯ ದಿನ ಅಮ್ಮ ಯಾರದೋ ರವಿಕೆಯ ಅಳತೆಗೆಂದು ಪಕ್ಕದ ಮನೆಗೆ ಹೋಗಿದ್ದಳು. ಅವಳು ಟೈಲರ್. ಅಪ್ಪ, ಮಾವ ಊಟಕ್ಕೆ ಕೂತಿದ್ದರು; ಬಡಿಸುತ್ತಿದ್ದವಳು ನಾನು.

"ಭಾವ, ಆ ಸೈರನ್ ಬಾಯಿ ಮುಚ್ಚಿಸಿ ಸ್ವಲ್ಪ," ಎಂದ ಅಪ್ಪ.

"ಅದು ಸುಮ್ಮನೆ ಕೂಗ್ತಿಲ್ಲ ಭಾವ. ಹನ್ನೆರಡು ಇರುತ್ತೆ."

"ಇರಲಿ ಬಿಡಿ. ಹದಿನೆಂಟು ವರ್ಷದಿಂದ ಆ ಗಾಳೀನೇ ಕುಡೀತಿದ್ದೀನಿ, ಸತ್ತೆನಾ? ಆ ಡಬ್ಬಿ ಬಂದ ಮೇಲೇ ನಾವು ಸಾಯ್ತಿರೋದು. ಇವಳ ಮುಖ ನೋಡಿ ಎಷ್ಟು ದಿನ ಆಯ್ತು ಕೇಳಿ. ನಾನು ಬರೋ ಹೊತ್ತಿಗೆ ಮಲಗಿರ್ತಾಳೆ, ಹೋಗೋ ಹೊತ್ತಿಗೂ ಮಲಗಿರ್ತಾಳೆ." ತುತ್ತು ಕೈಯಲ್ಲೇ ಇತ್ತು. "ನಿಮ್ಮ ಕೈಯಲ್ಲಿದೆ. ಹತ್ತು ಮನೆಯವರು ನಿಮ್ಮ ಹೆಸರು ಹೇಳಿಕೊಂಡು ಊಟ ಮಾಡ್ತಾರೆ."

ಮಾವ ತಟ್ಟೆಯಲ್ಲಿದ್ದ ಅನ್ನವನ್ನು ಕಲಸಿದ್ದನ್ನೇ ಕಲಸಿದ. ಆಮೇಲೆ, "ಫ್ಯಾನ್ ಬರೋವರೆಗೆ ಮಾತ್ರ" ಎಂದ. ಅಪ್ಪ ನನ್ನ ಕಡೆ ತಿರುಗಿ, ಮಾವನಿಗೆ ಇನ್ನಷ್ಟು ಬಡಿಸು ಎಂದ. ಬಡಿಸಿದೆ.

ಮರುದಿನ ಅವನು ಮಾಡಿದ್ದು ಒಂದೇ ಒಂದು ಬದಲಾವಣೆ, ಮಾಡಲು ಅರ್ಧ ನಿಮಿಷವೂ ಹಿಡಿಯಲಿಲ್ಲವಂತೆ. ಕಂಪ್ಯೂಟರು ಸೆಕೆಂಡಿಗೊಮ್ಮೆ ಕೇಳಿದ ಅಂಕಿಯನ್ನು ಹಾಗೇ ಬರೆದುಕೊಳ್ಳುವ ಬದಲು, ಹದಿನೈದು ನಿಮಿಷದ ಅಂಕಿಗಳನ್ನೆಲ್ಲ ಕೂಡಿಸಿ, ಭಾಗಿಸಿ, ಆ ಸರಾಸರಿಯೊಂದನ್ನೇ ಬರೆದುಕೊಂಡು ಉಳಿದದ್ದನ್ನು ಚೆಲ್ಲಬೇಕು. ಮುಕ್ಕಾಲು ನಿಮಿಷದ ಹನ್ನೆರಡನ್ನು ಹದಿನಾಲ್ಕು ಚಿಲ್ಲರೆ ನಿಮಿಷದ ಸೊನ್ನೆಯ ಜೊತೆ ಕೂಡಿಸಿ ಭಾಗಿಸಿದರೆ ಅರ್ಧ ಚಿಲ್ಲರೆ ಬರುತ್ತದೆ. ಮಿತಿ ಒಂದು. ಸೈರನ್ ಗಪ್‌ಚುಪ್. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಎಂದು ಎಲ್ಲ ಊರಲ್ಲೂ ಕೇಳುತ್ತಾರೆ. ಕಟ್ಟಿದ್ದ ಗಂಟೆಯನ್ನು ಬಿಚ್ಚಿಕೊಟ್ಟವನು ನಮ್ಮ ಮಾವ. ಮೂರು ಥರ್ಮಾಮೀಟರಿನ ಮಾವ!

ಸೆಕ್ಷನ್ನಿನವರು ಅವನಿಗೆ ಚಹಾ ಕುಡಿಸಿದರು. ಮ್ಯಾನೇಜರ್ ಏನು, ಎತ್ತ ಎಂದು ಕೇಳಲಿಲ್ಲ. ಬೆನ್ನು ತಟ್ಟಿ, "ಈಗ ಸೆಕ್ಷನ್ ಎಷ್ಟು ಶಾಂತವಾಗಿದೆ ನೋಡು" ಎಂದ. ಮರುವರ್ಷ ಮಾವ ಫ್ಯಾನ್ ವಿಷಯ ಎತ್ತಿದಾಗ ಮ್ಯಾನೇಜರ್ ಕಂಪ್ಯೂಟರಿನ ಹಾಳೆಯನ್ನೇ ಮುಂದೆ ಹಿಡಿದ. "ಅರ್ಧ ಇದೆಯಲ್ಲಯ್ಯಾ. ಮಿತಿ ಒಂದು. ಇನ್ನು ಫ್ಯಾನ್ ಯಾಕೆ?" ಮಾವ ತಾನೇ ಕೂಡಿಸಿ ಭಾಗಿಸಿದ ಅಂಕಿಯೇ ಅವನಿಗೆ ಅಡ್ಡ ಮಲಗಿತ್ತು. ಆಗಲಾದರೂ ಹಳೆಯದಕ್ಕೆ ತಿರುಗಿಸಬಹುದಿತ್ತಲ್ಲ? ತಿರುಗಿಸಿದರೆ ಹತ್ತು ಜನ ಮೈಮೇಲೆ ಬೀಳುತ್ತಾರೆ, ಅವರಲ್ಲಿ ಮೊದಲನೆಯವನು ತಂಗಿಯ ಗಂಡ. ನಾಳೆ ತಿರುಗಿಸೋಣ ಎಂದುಕೊಳ್ಳುತ್ತಾ ಆರು ವರ್ಷ ಕಳೆದ. ಅವನನ್ನು ಕ್ಷಮಿಸಲು ನಾನು ಎಷ್ಟೋ ದಾರಿ ಹುಡುಕಿದ್ದೇನೆ, ಈ ಆರು ವರ್ಷದ ಮುಂದೆ ಎಲ್ಲ ದಾರಿಯೂ ಮುಚ್ಚಿಹೋಗುತ್ತದೆ.

ಆರನೆಯ ವರ್ಷ ಅಪ್ಪ ಸೈಕಲ್ ತುಳಿಯುವುದನ್ನು ಬಿಟ್ಟ. ಆಮೇಲೆ ಮೆಟ್ಟಿಲು ಹತ್ತುವುದನ್ನು ಬಿಟ್ಟ. ಬೀಡಿ ಸಿಗರೇಟು ಮುಟ್ಟದ ಮನುಷ್ಯನ ಪುಪ್ಪುಸ ಸುಟ್ಟ ಬಟ್ಟೆಯಂತಾಗಿದೆ ಎಂದರು ಡಾಕ್ಟರು. ಇದು ಕೆಲಸದಿಂದ ಬಂದ ಕಾಯಿಲೆ ಎಂದು ಒಂದು ಸರ್ಟಿಫಿಕೇಟ್ ಸಿಕ್ಕರೆ, ಬದುಕಿರುವವರೆಗೆ ಗಿರಣಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ, ಮನೆಗೆ ಅರ್ಧ ಸಂಬಳ. ಸಿಗದಿದ್ದರೆ ಕೈಲಾಗದವನು ಎಂದು ಬರೆದು ಮನೆಗೆ ಕಳಿಸುತ್ತಾರೆ. ಆ ಒಂದು ಕಾಗದಕ್ಕಾಗಿ ವಿಚಾರಣೆ ನಡೆಯಿತು. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಅಪ್ಪನನ್ನು ಪ್ರತಿ ತಿರುವಿನಲ್ಲೂ ಕೂರಿಸಿ ಕೂರಿಸಿ ಹತ್ತಿಸಿದವಳು ನಾನು.

ಉದ್ದನೆಯ ಮೇಜಿನ ಆ ಕಡೆ ಇನ್‌ಸ್ಪೆಕ್ಟರ್, ಮ್ಯಾನೇಜರ್, ಗಿರಣಿಯ ಡಾಕ್ಟರು. ಈ ಕಡೆ ನಾವು. ಪಕ್ಕದ ಕುರ್ಚಿಯಲ್ಲಿ ಮಾವ. ಇನ್‌ಸ್ಪೆಕ್ಟರ್ ಒಂದು ಹಾಳೆ ಎತ್ತಿ ಹಿಡಿದರು. ಆರು ವರ್ಷದ ಗ್ಯಾಸಿನ ಗೆರೆ, ಸ್ಕೇಲಿಟ್ಟು ಎಳೆದಷ್ಟು ನೇರ.

"ಒಂದೇ ಒಂದು ಸಲವೂ ಮಿತಿ ದಾಟಿಲ್ಲವಲ್ಲ," ಎಂದರು.

"ಮೂಗಿಗೆ ಗೊತ್ತಾಗ್ತಿತ್ತು ಸರ್," ಎಂದ ಅಪ್ಪ. ಅಷ್ಟಕ್ಕೇ ಏದುಸಿರು.

"ಮೂಗಿಗೆ ಯಾರು ಸರ್ಟಿಫಿಕೇಟ್ ಕೊಟ್ಟಿದ್ದಾರೆ?" ಎಂದ ಮ್ಯಾನೇಜರ್. ಡಾಕ್ಟರು ನಕ್ಕರು. ನನ್ನ ಮೈ ಹತ್ತಿ ಉರಿಯಿತು.

ಮಾವ ಎದ್ದು ನಿಂತ. "ಆ ಗೆರೆ ಸುಳ್ಳು ಸರ್. ಅದು ಹದಿನೈದು ನಿಮಿಷದ ಸರಾಸರಿ. ಮುಚ್ಚಳ ಎತ್ತಿದಾಗ ಹನ್ನೆರಡು ಇರುತ್ತೆ, ಮನುಷ್ಯ ಉಸಿರಾಡೋದು ಆ ಹನ್ನೆರಡನ್ನ. ಸರಾಸರೀನ ಯಾರೂ ಉಸಿರಾಡಲ್ಲ."

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದರು. "ಸರಾಸರಿ ಮಾಡಿ ಅಂತ ಹೇಳಿದ್ದು ಯಾರು?"

ಅಪ್ಪ ನೆಲ ನೋಡುತ್ತಿದ್ದ. ನಿಜ ಹೇಳಿದರೆ, ಕಾಯಿಲೆಯನ್ನು ಕೇಳಿ ತಂದುಕೊಂಡವನು ಎಂದು ಅಪ್ಪನ ಕಾಗದ ಅಲ್ಲೇ ಹರಿದುಹೋಗುತ್ತದೆ.

"ಯಾರೂ ಹೇಳಲಿಲ್ಲ ಸರ್," ಎಂದ ಮಾವ. "ನಾನೇ ಮಾಡಿದೆ."

ಮ್ಯಾನೇಜರ್ ಕುರ್ಚಿಗೆ ಒರಗಿ ಕೂತ. ಇನ್‌ಸ್ಪೆಕ್ಟರ್ ಮಾತ್ರ ಬಿಡಲಿಲ್ಲ. "ಸರಿ, ಹನ್ನೆರಡು ಅಂದಿರಲ್ಲ, ಆ ಅಂಕಿಗಳನ್ನ ಕೊಡಿ."

"ಇಲ್ಲ ಸರ್. ಸರಾಸರಿ ಆದ ಮೇಲೆ ಉಳಿದದ್ದನ್ನ ಚೆಲ್ಲಬೇಕು ಅಂತ ಇಟ್ಟಿದ್ದೆ."

"ಆರು ವರ್ಷದ್ದೂ?"

"ಆರು ವರ್ಷದ್ದೂ."

ಇನ್‌ಸ್ಪೆಕ್ಟರ್ ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಬೈದುಕೊಂಡು ಇರಬಹುದಿತ್ತು. ಆ ಮನುಷ್ಯ ನಿಜಕ್ಕೂ ನೊಂದುಕೊಂಡರು. "ಇಲ್ಲದ ಅಂಕಿ ನೋಡಿ ನಾನು ಏನಂತ ಬರೀಲಿ, ಹೇಳಿ? ಇರೋ ಅಂಕಿ ಅರ್ಧ ಅನ್ನುತ್ತೆ." ಹಾಗೆಂದು, ಅರ್ಧ ಎಂದೇ ಬರೆದರು. ಸರ್ಟಿಫಿಕೇಟ್ ಸಿಗಲಿಲ್ಲ.

ವಾರದೊಳಗೆ ಮಾವನನ್ನು ಕೆಲಸದಿಂದ ತೆಗೆದರು. ದಾಖಲೆ ತಿದ್ದಿದ ಅಪರಾಧ. ಪೆನ್ಶನ್ನಿಗೆ ಎರಡು ವರ್ಷ ಉಳಿದಿತ್ತು, ಅದೂ ಹೋಯಿತು. ಗೇಟಿನಲ್ಲಿ ಗುರುತಿನ ಚೀಟಿ ಕೊಡುವ ಮೊದಲು ಅವನು ಮ್ಯಾನೇಜರನ್ನು ಒಂದೇ ಒಂದು ಕೇಳಿಕೊಂಡನಂತೆ: "ಐದು ನಿಮಿಷ ಒಳಗೆ ಬಿಡಿ. ಹದಿನೈದನ್ನ ಮತ್ತೆ ಒಂದು ಸೆಕೆಂಡ್ ಮಾಡಿ ಹೋಗ್ತೀನಿ." ಪಾಸ್‌ವರ್ಡ್ ಬದಲಾಗಿದೆ ಎಂದರು. ತಿದ್ದಿದ ತಪ್ಪಿಗೆ ಅವನನ್ನು ಹೊರಗೆ ಹಾಕಿದರು, ತಿದ್ದಿದ್ದನ್ನು ಮಾತ್ರ ಹಾಗೇ ಇಟ್ಟುಕೊಂಡರು. ಅಪ್ಪನ ಜಾಗಕ್ಕೆ ಬೇರೊಬ್ಬ ಬಂದು ಮುಚ್ಚಳ ಎತ್ತತೊಡಗಿದ. ಆಮೇಲೆ ಮಾವ ಪಾಳಿ ಬದಲಾಗುವ ಹೊತ್ತಿಗೆ ಗಿರಣಿಯ ಕಾಂಪೌಂಡಿನ ಹೊರಗೆ ನಿಂತು ಕಿವಿಗೊಡುತ್ತಿದ್ದ. ಕಾವಲುಗಾರ ತಲೆ ಕೆಟ್ಟಿದೆ ಎಂದುಕೊಂಡ. ಸೈರನ್ ಇವತ್ತಿನವರೆಗೂ ಕೂಗಿಲ್ಲ.

ಮನೆಯಲ್ಲಿ ಅಮ್ಮ ಕತ್ತರಿ ಹಿಡಿದುಕೊಂಡೇ ಬೈದಳು. "ಬೀದಿಯವರ ಸೊಂಟ ಎಲ್ಲಾ ಕೂಡಿಸಿ ಭಾಗಿಸಿ ಒಂದೇ ಪ್ಯಾಂಟ್ ಹೊಲಿದ್ರೆ ಯಾರಿಗಾಗುತ್ತೋ? ನಾಲ್ಕನೇ ಕ್ಲಾಸು ಓದಿದ ನನಗೆ ಗೊತ್ತು, ನಿನಗೆ ಗೊತ್ತಿರಲಿಲ್ವಾ? ನನ್ನ ಗಂಡನ ಎದೆ ಸುಟ್ಟವನು ನನ್ನ ಒಡಹುಟ್ಟಿದವನೇ ಆಗಬೇಕಿತ್ತಾ?" ಮಾವ ತುಟಿ ಪಿಟಕ್ಕೆನ್ನಲಿಲ್ಲ. ಮಂಚದ ಮೇಲಿದ್ದ ಅಪ್ಪನೂ ಎನ್ನಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನೂ ಎನ್ನಲಿಲ್ಲ. ಗೊತ್ತಿದ್ದವರು ಮೂವರು, ಬೈಸಿಕೊಂಡವನು ಒಬ್ಬ. ಅಂದಿನಿಂದ ಅಮ್ಮ ಅಣ್ಣನ ಜೊತೆ ಮಾತು ಬಿಟ್ಟಳು.

ಆದರೂ ಅವನು ದಿನಾ ಬರುತ್ತಿದ್ದ. ರಿಪೇರಿ ಅಂಗಡಿಯೊಂದರಲ್ಲಿ ತಕ್ಕಡಿ, ಮಿಕ್ಸಿ, ಫ್ಯಾನು ಸರಿಮಾಡಿ, ಮಧ್ಯಾಹ್ನ ನಮ್ಮ ಮನೆಗೆ ಬಂದು ಅಪ್ಪನ ಬೆನ್ನು ತಿಕ್ಕಿ, ಮೈ ಒರೆಸುತ್ತಿದ್ದ. ಒರೆಸುವ ನೀರಿಗೆ ಮಾತ್ರ ಈಗ ಬೆರಳದ್ದಿ ನೋಡುತ್ತಿದ್ದ. ಜೇಬಿನಲ್ಲಿ ಥರ್ಮಾಮೀಟರ್ ಇರಲಿಲ್ಲ. ಅಮ್ಮ ಅವನಿಗೆ ಊಟ ಹಾಕುತ್ತಿದ್ದಳು, ತಟ್ಟೆಯನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದಳು.

ಒಂದು ದಿನ ನಾನು ಬೆರಳಿಗೆ ಹಾಕುವ ಕ್ಲಿಪ್ಪು ತಂದೆ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವಂಥದ್ದು. ಅಗ್ಗದ ಮಾಲು. ಅಪ್ಪ ಏದುಸಿರು ಬಿಡುತ್ತಿದ್ದ, ಕ್ಲಿಪ್ಪು ತೊಂಬತ್ತೆರಡು ಎನ್ನುತ್ತಿತ್ತು. "ಪರವಾಗಿಲ್ಲ, ತೊಂಬತ್ತೆರಡಿದೆ," ಎಂದೆ.

"ಅದನ್ನ ನೋಡ್ತಾ ಕೂರಬೇಡ ಪುಟ್ಟಿ," ಎಂದ ಮಾವ. "ಎದೆ ನೋಡು. ಉಸಿರು ಎಣಿಸು. ಅದು ಕಳೆದ ಕೆಲವು ಸೆಕೆಂಡುಗಳನ್ನ ಕೂಡಿಸಿ ತೋರಿಸುತ್ತೆ, ಸ್ವಲ್ಪ ಹಿಂದೆ ಇರುತ್ತೆ."

ಅಪ್ಪ ಕಣ್ಣು ತೆರೆದ. "ಇದೂ ಸರಾಸರೀನಾ ಭಾವ?"

"ಹೂಂ ಭಾವ. ಇದೂ ಅದೇ."

ಅಪ್ಪನಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಕಾಲು ಗಂಟೆ ಹಿಡಿಯಿತು. ನಿಂತ ಮೇಲೆ ಹೊಲಿಗೆ ಮೆಷಿನ್ನಿನ ಮುಂದಿದ್ದ ಅಮ್ಮನನ್ನು ಕರೆದ. "ಸೈರನ್ ಬಾಯಿ ಮುಚ್ಚಿಸಿ ಅಂತ ಕೇಳಿದವನು ನಾನೇ ಕಣೇ. ನಮ್ಮ ಮನೇಲೇ, ಊಟಕ್ಕೆ ಕೂತಾಗ. ಇವರು ಬೇಡ ಅಂದ್ರು. ನಾನೇ ಬಿಡಲಿಲ್ಲ."

ಮೆಷಿನ್ ನಿಂತಿತು. ಅಮ್ಮ ಅಪ್ಪನನ್ನೂ ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ. "ನಿನಗೂ ಗೊತ್ತಿತ್ತಾ?" ಎಂದು ನನ್ನನ್ನು ಕೇಳಿದಳು. ತಲೆಯಾಡಿಸಿದೆ. ಅವಳು ಸೂಜಿಗೆ ದಾರ ಪೋಣಿಸಿಕೊಂಡು, ನನಗೆ ಹೇಳುವಂತೆ ಹೇಳಿದಳು: "ನಿನ್ನ ಮಾವನಿಗೆ ಹೇಳು. ಇವರು ಮುಚ್ಚಳ ಎತ್ತೋರು, ಸುಸ್ತಾಗಿದ್ದರು, ಕೇಳಿದರು. ಕೇಳೋರು ಕೇಳ್ತಾರೆ. ಗೊತ್ತಿದ್ದವನು ಇಲ್ಲ ಅನ್ನಬೇಕಿತ್ತು."

ಪಕ್ಕದಲ್ಲೇ ಕೂತಿದ್ದ ಮಾವನಿಗೆ ನಾನು ಮತ್ತೆ ಹೇಳಬೇಕಾಗಿರಲಿಲ್ಲ. ಅವನು ಅಪ್ಪನ ಕಾಲಿಗೆ ಹೊದಿಕೆ ಸರಿಮಾಡುತ್ತಾ, "ಸರಿಯಾಗೇ ಹೇಳಿದಳು" ಎಂದ. ಅಮ್ಮ ಮಾತು ಬಿಟ್ಟದ್ದು ಬಿಟ್ಟೇ ಇತ್ತು. ವ್ಯತ್ಯಾಸವೆಂದರೆ, ಅಂದಿನಿಂದ ನನ್ನ ಜೊತೆಯೂ ಎಷ್ಟು ಬೇಕೋ ಅಷ್ಟೇ ಮಾತಾಡಿದಳು.

ಅಪ್ಪ ಹೋದದ್ದು ಅದಾಗಿ ಎರಡು ತಿಂಗಳಿಗೆ, ಹಾಡುಹಗಲು, ಬೀದಿಯಲ್ಲಿ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ. ಮಾವ ಮಂಚದ ಅಂಚಿನಲ್ಲಿ ಕೂತು ಅಪ್ಪನ ಎದೆಯ ಮೇಲೆ ಅಂಗೈ ಇಟ್ಟಿದ್ದ, ಬಾಯಲ್ಲೇ ಎಣಿಸುತ್ತಿದ್ದ. ಅಮ್ಮ ಕ್ಲಿಪ್ಪು ಹಾಕಿದ್ದ ಕೈಯನ್ನು ಹಿಡಿದಿದ್ದಳು. ಮಾವನ ಎಣಿಕೆ ನಿಂತಿತು. ಅವನು ಅಂಗೈ ತೆಗೆಯದೆ, "ಆಯ್ತು" ಎಂದ.

ಅಮ್ಮ ಕ್ಲಿಪ್ಪನ್ನು ನೋಡಿದಳು. ಆಮೇಲೆ ಒಂದು ವರ್ಷದಿಂದ ನೋಡದ ಅವನ ಮುಖವನ್ನು ನೋಡಿದಳು. "ಅಣ್ಣಾ, ಇನ್ನೂ ಎಂಬತ್ತೊಂದು ತೋರಿಸ್ತಿದೆಯಲ್ಲೋ?"

"ಅದು ಹಿಂದಿನದು ಕಣಮ್ಮಾ," ಎಂದ ಮಾವ.

ಅಂಕಿ ಇನ್ನೂ ನಾಲ್ಕೈದು ಸೆಕೆಂಡ್ ಹಾಗೇ ಇತ್ತು. ನಾವು ಮೂವರೂ ಅದನ್ನೇ ನೋಡುತ್ತಾ ಕೂತಿದ್ದೆವು.